ಎರಡನೆಯ ಕಲ್ಲು

ನನ್ನ ಮಾವ ಐತಬೀರ್ ರಾಯಿ ಎದುರಾದರೆ ಮಾನೆಭಂಜ್ಯಾಂಗ್‌ನ ಡ್ರೈವರುಗಳೆಲ್ಲ ನಿಂತು ಕೈ ಮುಗಿಯುತ್ತಿದ್ದರು. ನಾನು ದಿನಾ ಅವರಿಗೆ ಅನ್ನ ಬಡಿಸುತ್ತಿದ್ದೆ, ಮನಸ್ಸಿನಲ್ಲಿ ಮಣ್ಣು ಹಾಕುತ್ತಿದ್ದೆ. ಸಂದಕ್‌ಫು ಶಿಖರಕ್ಕೆ ಹತ್ತುವ ಆ ಕಲ್ಲುದಾರಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಲ್ಯಾಂಡ್‌ರೋವರ್ ಓಡಿಸಿಯೇ ಮುದುಕರಾದವರು ಅವರು. ಒಂದು ತಿರುವಿನಲ್ಲೂ ಗಾಡಿ ಉರುಳಿಸಲಿಲ್ಲ. ಉರುಳಿದ್ದು ತಾವೇ, ತೊಂಗ್ಬಾ ಹೆಂಡ ಕುಡಿದು, ನಮ್ಮ ಕಕ್ಕಸಿನ ಮೆಟ್ಟಿಲ ಮೇಲೆ. ಅಲ್ಲಿಂದ ಸೊಂಟದ ಕೆಳಗೆ ಜೀವವಿಲ್ಲ. ಆ ಕಾಲುಗಳ ಬಲವೆಲ್ಲ ಹೋಗಿ ನಾಲಿಗೆಗೆ ಸೇರಿಕೊಂಡಿತು.

ನನ್ನ ಗಂಡ ಸಂಚಮಾನ್ ಅವರ ಕಿರಿಯ ಮಗ, ಹಾಗಾಗಿ ಊರಿಗೆಲ್ಲ ಕಾಂಛಾ. ಬೆಳಿಗ್ಗೆ ಎದ್ದರೆ ಅಪ್ಪನನ್ನು ಬೆನ್ನ ಮೇಲೆ ಹೊತ್ತುಕೊಂಡು ಕಕ್ಕಸಿಗೆ, ಅಲ್ಲಿಂದ ಅಂಗಳದ ಬೆತ್ತದ ಕುರ್ಚಿಗೆ. ಮಾವ ಬೆನ್ನ ಮೇಲೆ ಕೂತು ಹೊತ್ತವನ ನೆತ್ತಿಯನ್ನು ಬೆರಳಗಂಟಿನಿಂದ ಕುಟ್ಟುವರು. "ಎರಡನೇ ಗೇರು ಹಾಕೋ ಕತ್ತೆ, ಎಳೀತಾ ಇಲ್ಲ. ನಿನ್ನ ಇಂಜಿನ್ನಲ್ಲಿ ಬರೀ ಹೊಗೆ." ಸಂಚಮಾನ್ "ಆಯ್ತು ಆಪಾ" ಎನ್ನುವನು. ಈ 'ಆಯ್ತು ಆಪಾ' ಕೇಳಿ ಕೇಳಿ ನನ್ನ ಮೈ ಉರಿಯುತ್ತಿತ್ತು. ಗಾಡಿಯೊಂದು ಅವನ ಕೈಗೆ ಬಂದುಬಿಟ್ಟರೆ ಈ ಬೆನ್ನು ನೆಟ್ಟಗಾಗುತ್ತದೆ ಎಂದು ನಾನು ನಂಬಿದ್ದೆ. ಹಗಲೂ ರಾತ್ರಿ ಅವನ ಕಿವಿಯಲ್ಲಿ ಅದನ್ನೇ ಊದುತ್ತಿದ್ದೆ.

ಗಾಡಿ ಕೈಗೆ ಬರುವುದೆಂದರೆ ಪ್ರವಾಸಿಗರನ್ನು ಹತ್ತಿಸುವ ಸಾಲಿನಲ್ಲಿ ನಂಬರು ಬರುವುದು. ಮಳೆಗಾಲದಲ್ಲಿ ಮೇಲಿನ ಕಾಡು ಮುಚ್ಚಿರುತ್ತದೆ. ತೆರೆಯುವ ದಿನ ಬೆಳಿಗ್ಗೆ ಸಾಲಿನಲ್ಲಿ ನಿಲ್ಲದ ಗಾಡಿಯ ನಂಬರು ಬೇರೆಯವರಿಗೆ ಹೋಗುತ್ತದೆ. ಕಳೆದ ಹಂಗಾಮಿನಲ್ಲಿ ನಮ್ಮ ಗಾಡಿ ಓಡಿಸಿದವನು ಮಾವನ ಅಕ್ಕನ ಮಗ ಜಂಗಬೀರ್. ಓಡಿಸಿದ ಅನ್ನುವುದಕ್ಕಿಂತ ಹಿಂಡಿದ ಅನ್ನಬೇಕು. ಹಿಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟಿಗೆ ಕೀಲಾಗಿರುವ ಕ್ರಾಸ್ ಅವನ ಕೈಯಲ್ಲಿ ಒಂದು ತೊಟ್ಟು ಗ್ರೀಸ್ ಕಾಣಲಿಲ್ಲ. ಕಡೆಗೆ ಅದು ಕಟಕಟ ಎಂದು ಹಲ್ಲು ಕಡಿಯತೊಡಗಿದಾಗ ಗಾಡಿಯನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿ, ಕೀಲಿಕೈಯನ್ನು ಮಾವನ ಮಡಿಲಿಗೆ ಹಾಕಿ, "ಸರಿ ಆದ್ಮೇಲೆ ಹೇಳಿ ಕಳಿಸಿ ಮಾಮಾ" ಎಂದು ಸಿಳ್ಳೆ ಹಾಕುತ್ತಾ ಹೋದ.

ಕಾಡು ತೆರೆಯುವುದಕ್ಕೆ ಒಂದೇ ದಿನ ಉಳಿದಿತ್ತು. ಮಾವ ಬೆತ್ತದ ಕುರ್ಚಿಯಲ್ಲಿ ಕೂತು ತೀರ್ಪು ಕೊಟ್ಟರು.

"ಶಾಫ್ಟ್ ನೀನೇ ಮಾಡ್ಬೇಕು ಕಾಂಛಾ, ಮನೇಲೇ. ಮಧ್ಯಾಹ್ನ ಫುರ್ಬು ಗುರುಜಿ ಬರ್ತಾನೆ. ಅವನ ಎದುರಿಗೆ ಕಲ್ಲು ಕೊಟ್ಟ ಗಾಡಿ ಕೆಳಗೆ ಮಲಗ್ಬೇಕು. ಬಾಯಿ ಬಿಡ್ಲಿಲ್ಲ ಅಂದ್ರೆ ಗಾಡಿ ನಿಂದು. ಬಿಟ್ಯೋ, ಜಂಗಬೀರಂದು. ನೀನು ಅವನ ಟೈರಿನ ಸಗಣಿ ತೊಳ್ಕೊಂಡು ಬಿದ್ದಿರು."

"ಆಯ್ತು ಆಪಾ."

ಕಲ್ಲಿನ ವಿಷಯ ಹೇಳಬೇಕು. ನಮ್ಮ ಊರಿನಲ್ಲಿ ಮಟ್ಟಸವಾದ ಅಂಗಳ ಯಾರಿಗೂ ಇಲ್ಲ. ನಿಲ್ಲಿಸಿದ ಗಾಡಿಯ ಹಿಂಚಕ್ರಕ್ಕೆ ಒಂದು ಕಲ್ಲು ಒತ್ತಿ ಇಡುತ್ತಾರೆ, ಅದರಿಂದ ಒಂದು ಗೇಣು ಕೆಳಗೆ ಎರಡನೆಯ ಕಲ್ಲು. ಕಲಿಯಲು ಬಂದವನು ಗಾಡಿಯ ಕೆಳಗೆ ಅಂಗಾತ ಮಲಗಬೇಕು. ಸೀಟಿನಲ್ಲಿ ಕೂತ ಉಸ್ತಾದ್ ಹ್ಯಾಂಡ್‌ಬ್ರೇಕ್ ಬಿಡುತ್ತಾನೆ, ಇನ್ನೊಬ್ಬ ಮೊದಲನೆಯ ಕಲ್ಲನ್ನು ಎಳೆಯುತ್ತಾನೆ. ಅಷ್ಟು ದೊಡ್ಡ ಕಬ್ಬಿಣ ಮೂಗಿನ ಮೇಲೆ ಒಂದು ಗೇಣು ಹರಿದು ಬಂದು ಎರಡನೆಯ ಕಲ್ಲಿಗೆ ಧಡ್ ಎಂದು ನಿಲ್ಲುತ್ತದೆ. ಕೆಳಗಿದ್ದವನು ತುಟಿ ಬಿಚ್ಚದಿದ್ದರೆ ಅವತ್ತಿನಿಂದ ಅವನು ಗುರುಜಿ, ಪೂರಾ ಡ್ರೈವರು. ಕೂಗಿದವನು ಕೂಗಿದವನೇ. ಸಂಚಮಾನ್ ಮಲಗಿದ ಪ್ರತಿಸಲವೂ ಕೂಗಿದ್ದ. ಒಂದು ಸಲ ಹೆದರಿ ಕೈ ಚಾಚಿ ಎಡಗೈ ಕಿರುಬೆರಳನ್ನು ಚಕ್ರಕ್ಕೆ ಕೊಟ್ಟಿದ್ದ. ಆಗ ಮಾವ ಆ ಬೆರಳನ್ನು ನೋಡಿ, "ಉಳಿದಿದ್ದು ಪಾನಾ ಹಿಡಿಯೋಕೆ ಸಾಕು" ಎಂದಿದ್ದರಂತೆ.

ಅವತ್ತು ಬೆಳಿಗ್ಗೆಯೇ ಕೆಲಸಕ್ಕೆ ಕೂತೆವು. ಗಾಡಿಯ ಮೂತಿ ಮನೆಯ ಕಡೆಗೆ, ಬಾಲ ಇಳಿಜಾರಿನ ಕಡೆಗೆ, ಹಿಂಚಕ್ರದ ಹಿಂದೆ ಎರಡೂ ಕಲ್ಲು. ಸಂಚಮಾನ್ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಕೆಂಪು ತಲೆಯ ಸಣ್ಣ ಗೇರನ್ನು ಹಾಕಿದ. ಅದು ಹಾಕಿದ್ದರೆ ನಾಲ್ಕೂ ಚಕ್ರ ಹಿಡಿತದಲ್ಲಿರುತ್ತವೆ. ಈ ಹಳೆಯ ಗಾಡಿಗಳ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಶಾಫ್ಟ್ ಬಿಚ್ಚಿ ನೆಲದ ಮೇಲಿಟ್ಟರೆ ಅದು ಹಿಡಿಯುವುದು ಬರೀ ಗಾಳಿಯನ್ನು. ಕೆಂಪು ಗೇರು ಹಾಕಿದ್ದರೆ ಮಾತ್ರ ಮುಂದಿನ ಶಾಫ್ಟಿನ ಬಲದಿಂದ ಗಾಡಿ ನಿಲ್ಲುತ್ತದೆ. ಇಲ್ಲಿ ಒಲೆಯ ಮುಂದೆ ಕೂತ ಹೆಂಗಸರಿಗೂ ಇದು ಗೊತ್ತು.

ಅವನು ಕೆಳಗಿನಿಂದ ಪಾನಾ ಹಾಕಿ ನಟ್ ತಿರುಗಿಸುತ್ತಿದ್ದ, ನಾನು ಸಂದಿಯಲ್ಲಿ ಕೈ ತೂರಿಸಿ ಬೋಲ್ಟಿನ ತಲೆ ಹಿಡಿದಿದ್ದೆ. ನನ್ನ ಕೈ ಸಣ್ಣದು, ಅಲ್ಲಿಗೆ ಹೋಗುತ್ತದೆ. ತುಕ್ಕು ಹಿಡಿದ ನಟ್ ಜಾರಿ ಅವನ ಗೆಣ್ಣಿನ ಚರ್ಮ ಕಿತ್ತುಹೋಯಿತು.

"ಏನೋ ಕಾಂಛಾ, ಬೋಲ್ಟ್ ಬಿಚ್ತಿದೀಯೋ, ಅದಕ್ಕೆ ಜೋಗುಳ ಹಾಡ್ತಿದೀಯೋ?" ಎಂದರು ಮಾವ.

"ತುಕ್ಕು ಹಿಡಿದಿದೆ ಆಪಾ."

"ತುಕ್ಕು ಹಿಡಿದಿರೋದು ಯಾವುದಕ್ಕೆ ಅಂತ ನನಗ್ಗೊತ್ತು. ಬುಹಾರಿ, ನೀನೇ ಹೇಳಮ್ಮ, ಇವನ ಪಾನಾ ಯಾವತ್ತಾದ್ರೂ ಸರಿಯಾಗಿ ಕೂತಿದೆಯಾ? ಕೂತಿದ್ರೆ ಇಷ್ಟು ಹೊತ್ತಿಗೆ ಅಂಗಳದಲ್ಲಿ ಮೊಮ್ಮಕ್ಕಳು ಓಡಾಡ್ತಿದ್ವು."

ಬುಹಾರಿ ಎಂದರೆ ಸೊಸೆ. ಅವರ ಬಾಯಲ್ಲಿ ಅದು ಉಗುಳಿದ ಹಾಗೆ ಕೇಳುತ್ತಿತ್ತು. ನಾನು ಬೋಲ್ಟಿನ ತಲೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದೆ.

ಶಾಫ್ಟ್ ಕಳಚಿ ಬಂತು. ಮತ್ತೆ ಜೋಡಿಸುವಾಗ ತಪ್ಪಬಾರದೆಂದು ಸಂಚಮಾನ್ ಎರಡೂ ತುಂಡಿಗೆ ಉಳಿಯಿಂದ ಗೆರೆ ಎಳೆದುಕೊಂಡ. ಗೋಣಿಚೀಲದ ಮೇಲೆ ಇಟ್ಟು ಹಳೆಯ ಕ್ರಾಸನ್ನು ಸುತ್ತಿಗೆಯಿಂದ ಹೊಡೆದು ತೆಗೆದ. ಅದರ ಬಟ್ಟಲುಗಳೊಳಗೆ ಇರಬೇಕಾದ ಸೂಜಿಯಂಥ ಉಕ್ಕಿನ ಕಡ್ಡಿಗಳು ಕೆಂಪು ಪುಡಿಯಾಗಿ ಸುರಿದವು. ಹೊಸ ಕ್ರಾಸಿನ ಸೂಜಿಗಳನ್ನು ನಾನು ಒಂದೊಂದಾಗಿ ಗ್ರೀಸಿನಲ್ಲಿ ಅಂಟಿಸಿ ಬಟ್ಟಲೊಳಗೆ ಸುತ್ತಲೂ ನಿಲ್ಲಿಸುತ್ತಿದ್ದೆ. ಒಂದು ಬಿದ್ದರೂ ಇಡೀ ಕ್ರಾಸ್ ಹಾಳು. ನಾಲ್ಕನೆಯ ಬಟ್ಟಲು ತುಂಬುತ್ತಿತ್ತು. ಮಾವ "ಎಲ್ಲಿ, ತೋರಿಸು" ಎಂದರು. ಸಂಚಮಾನ್ ನನ್ನ ಕೈಯಿಂದ ತೆಗೆದುಕೊಂಡು ಅವರ ಮುಂದೆ ಹಿಡಿದ. ಅವರು ಕೋಲಿನಿಂದ ಬಟ್ಟಲಿನ ತಳಕ್ಕೆ ಕೆಳಗಿನಿಂದ ಹೊಡೆದರು. ಸೂಜಿಗಳೆಲ್ಲ ಹಾರಿ ಕೆಸರಿಗೆ ಬಿದ್ದವು.

"ಕೈ ನಡುಗ್ತಾ ಇದೆ ನಿಂದು," ಎಂದರು ಮಾವ, ನಗುತ್ತಾ. "ನಡುಗೋ ಕೈಯಲ್ಲಿ ಸ್ಟೇರಿಂಗ್ ಹಿಡೀತಾನಂತೆ."

ನಾನು ಮಂಡಿಯೂರಿ ಕೆಸರಿನಲ್ಲಿ ಸೂಜಿ ಹೆಕ್ಕಿದೆ. ಸಂಚಮಾನ್ ಕೂಡ ಹೆಕ್ಕಿದ. ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಮೊದಲಿನಿಂದ ನಿಲ್ಲಿಸಿದೆವು. ಅವನು 'ಆಯ್ತು ಆಪಾ' ಅನ್ನಲಿಲ್ಲ. ಅದು ನನ್ನ ಗಮನಕ್ಕೆ ಬಂತು, ಖುಷಿಯೂ ಆಯಿತು.

ಊಟಕ್ಕೆ ಹುಳಿ ಬರಿಸಿದ ಸೊಪ್ಪಿನ ಗುಂದ್ರುಕ್ ಸಾರು, ಅನ್ನ. ಗಂಡ ಹೆಂಡತಿ ನಮ್ಮಲ್ಲಿ ಒಬ್ಬರನ್ನೊಬ್ಬರು ಬೂಡಾ, ಬೂಡಿ ಎಂದೇ ಕರೆಯುತ್ತಾರೆ. ಒಲೆಯ ಮುಂದೆ ಅವನ ಗೆಣ್ಣಿಗೆ ಬಟ್ಟೆ ಕಟ್ಟುತ್ತಾ ಹೇಳಿದೆ.

"ಬೂಡಾ, ನನ್ನ ಮಾತು ಕೇಳು. ಕೆಳಗೆ ಮಲಗಿದ ಕೂಡ್ಲೇ ಗ್ರೀಸ್ ಒರೆಸೋ ಬಟ್ಟೇನ ಬಾಯಿಗೆ ತುರುಕ್ಕೋ. ಗಂಟಲವರೆಗೂ. ಕೂಗಬೇಕು ಅನ್ಸಿದ್ರೂ ಹೊರಗೆ ಬರಬಾರದು."

"ಯಾರಾದ್ರೂ ನೋಡಿದ್ರೆ?"

"ಕೆಳಗೆ ಬಗ್ಗಿ ನೋಡೋಕೆ ಯಾರ ಸೊಂಟ ಬಗ್ಗುತ್ತೆ? ನಿಮ್ಮಪ್ಪಂದಾ?"

ಅವನು ನಗಲಿಲ್ಲ. ಅನ್ನ ಕಲೆಸುತ್ತಾ ಬಾಗಿಲಿನಿಂದ ಹೊರಗೆ ನೋಡುತ್ತಿದ್ದ. ಗೋಣಿಚೀಲದ ಮೇಲಿದ್ದ ಶಾಫ್ಟ್ ನೋಡಿದ, ಆಮೇಲೆ ಗಾಡಿಯ ಖಾಲಿ ಸೀಟು ನೋಡಿದ. ಬಹಳ ಹೊತ್ತು ನೋಡಿದ. "ಇನ್ನೊಂದು ಸ್ವಲ್ಪ ಅನ್ನ ಹಾಕು ಬೂಡಿ" ಎಂದ. ಅಪ್ಪನ ಮುಂದೆ ಮಲಗಬೇಕಾದ ದಿನ ಅವನು ಎರಡನೆಯ ಸಲ ಅನ್ನ ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ಫುರ್ಬು ಗುರುಜಿ ಬಂದರು. ಸಾಲಿನ ಲೆಕ್ಕ ನೋಡುವವರು ಅವರೇ, ಯಾರ ಗಾಡಿ ಹೊರಡಬೇಕೆಂದು ಹೇಳುವವರು. ಅವರ ಹಿಂದೆ ಇನ್ನೂ ನಾಲ್ಕಾರು ಡ್ರೈವರುಗಳು ತಮಾಷೆ ನೋಡಲು ಬಂದು ಗೋಡೆಯ ಮೇಲೆ ಸಾಲಾಗಿ ಕೂತು ಚುರ್ಪಿ ಗಿಣ್ಣಿನ ಗಟ್ಟಿ ತುಂಡು ಜಗಿಯತೊಡಗಿದರು. ಜಂಗಬೀರ್ ಹೊಸ ಜಾಕೆಟ್ ಹಾಕಿಕೊಂಡು ಬಂದಿದ್ದ.

"ಕಾಂಛಾ ಇವತ್ತು ಯಾವ ರಾಗದಲ್ಲಿ ಕೂಗ್ತಾನೆ?" ಎಂದ ಒಬ್ಬ.

"ಹೋದ ಸಲ ಮೇಕೆ ಥರ ಕೂಗಿದ್ದ. ಇವತ್ತು ಹಂದಿ ಥರ ಕೂಗ್ಲಿ," ಎಂದ ಜಂಗಬೀರ್. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಮಾವ ನಕ್ಕರು.

ಕ್ರಾಸ್ ಕೂತಿತ್ತು, ಶಾಫ್ಟ್ ಕಟ್ಟುವುದೊಂದು ಬಾಕಿ. ಸಂಚಮಾನ್ ಅದನ್ನು ಎತ್ತಿಕೊಳ್ಳಲು ಬಗ್ಗಿದ.

"ಬಿಡೋ ಅದನ್ನ," ಎಂದು ಮಾವ ಗುಡುಗಿದರು. "ಕಟ್ಟೋಕೆ ಸಂಜೆವರೆಗೂ ಒದ್ದಾಡ್ತೀಯ. ಫುರ್ಬುಗೆ ಬೇರೆ ಕೆಲಸ ಇಲ್ವಾ? ಮೊದಲು ಮಲಗು."

ಸಂಚಮಾನ್ ನೆಟ್ಟಗೆ ನಿಂತ. ಅಪ್ಪನ ಮುಖವನ್ನು ಅಷ್ಟು ನೇರವಾಗಿ ಅವನು ನೋಡಿದ್ದು ನನಗೆ ನೆನಪಿಲ್ಲ.

"ಆಯ್ತು ಆಪಾ. ಆದ್ರೆ ಸೀಟಲ್ಲಿ ನೀವೇ ಕೂತ್ಕೋಬೇಕು. ಉಸ್ತಾದ್ ಕೂರೋ ಜಾಗ ಅದು. ಬೇರೆಯವರು ಬ್ರೇಕ್ ಬಿಟ್ರೆ ನಾನು ಒಪ್ಪಲ್ಲ."

ಗೋಡೆಯ ಮೇಲಿನವರು "ಹೌದು ಹೌದು, ಐತಬೀರ್ ದಾಜು ಕೂರಬೇಕು" ಎಂದು ಚಪ್ಪಾಳೆ ತಟ್ಟಿದರು. ಮುದುಕರ ಮುಖ ಅರಳಿತು. ಬಿದ್ದ ಮೇಲೆ ಅವರು ಆ ಸೀಟು ಮುಟ್ಟಿರಲಿಲ್ಲ. "ಬುಹಾರಿ, ನನ್ನ ಟೋಪಿ" ಎಂದರು. ಒಳಗಿನಿಂದ ಹಳೆಯ ಉಣ್ಣೆ ಟೋಪಿ ತಂದುಕೊಟ್ಟೆ. ಸಂಚಮಾನ್ ಅವರನ್ನು ಹೊತ್ತು ಸೀಟಿನಲ್ಲಿ ಕೂರಿಸಿ, ಜೀವವಿಲ್ಲದ ಎರಡೂ ಕಾಲುಗಳನ್ನು ಎತ್ತಿ ಪೆಡಲುಗಳ ಪಕ್ಕಕ್ಕೆ ಇಟ್ಟ. ಅವರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಸವರಿದರು. ಕಣ್ಣಲ್ಲಿ ನೀರು ಬಂದಿತ್ತು. ಒಂದು ಗಳಿಗೆ ನನಗೂ ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಆಗ ಸಂಚಮಾನ್ ಅಪ್ಪನ ಮಡಿಲಿನ ಮೇಲಿಂದ ಬಗ್ಗಿ, ಕೀಲಿಕೈ ಸರಿಮಾಡುವವನಂತೆ ಕೈ ಚಾಚಿ, ಕೆಂಪು ಗೇರನ್ನು ತೆಗೆದುಬಿಟ್ಟ.

ನಾನು ನೋಡಿದೆ. ಮಾವ ನೋಡಲಿಲ್ಲ, ಅವರು ಗೋಡೆಯ ಮೇಲಿನವರಿಗೆ ಕೈ ಬೀಸುತ್ತಿದ್ದರು. ಸಂಚಮಾನ್ ಕೆಳಗಿಳಿದು ಗಾಡಿಯ ಹಿಂದೆ ಮಂಡಿಯೂರಿ, ಒಳಗೆ ಜರುಗುತ್ತಾ, ಕಾಲಿನಿಂದ ಎರಡನೆಯ ಕಲ್ಲನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದ. ಉಳಿದವರ ಕಣ್ಣೆಲ್ಲ ಸೀಟಿನಲ್ಲಿದ್ದ ಮುದುಕರ ಮೇಲಿತ್ತು, ಅದನ್ನೂ ನಾನೊಬ್ಬಳೇ ನೋಡಿದೆ. ಆದರೆ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರಿಗೆ ಗಾಡಿ ಇಲ್ಲವಲ್ಲ.

"ಮಲಗಿದ್ಯೇನೋ ಕಾಂಛಾ?"

ಕೆಳಗಿನಿಂದ ಉತ್ತರ ಬರಲಿಲ್ಲ. ಬಟ್ಟೆ ಬಾಯಿಗೆ ಹೋಗಿರಬೇಕು.

"ಎಳಿ ಜಂಗಬೀರ್," ಎಂದು ಮಾವ ಹ್ಯಾಂಡ್‌ಬ್ರೇಕ್ ಬಿಟ್ಟರು. ಜಂಗಬೀರ್ ಕಲ್ಲನ್ನು ಎಳೆದ.

ಗಾಡಿ ಒಂದು ಗೇಣು ಸರಿಯಿತು. ಅಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಮಾವನ ನಗು ಮುಖದಲ್ಲೇ ಒಣಗಿತು. ಕೈ ತಾನಾಗಿ ಹ್ಯಾಂಡ್‌ಬ್ರೇಕಿಗೆ ಹೋಯಿತು, ಎಳೆಯಿತು, ಮತ್ತೆ ಎಳೆಯಿತು. ಜೀವಮಾನವಿಡೀ ಆ ಹಿಡಿ ಎಳೆದರೆ ಗಾಡಿ ನಿಂತಿತ್ತು. ಶಾಫ್ಟ್ ಗೋಣಿಚೀಲದ ಮೇಲೆ ಮಲಗಿದೆ ಎಂದು ತಲೆಗೆ ಗೊತ್ತಿದ್ದರೂ ಕೈಗೆ ಗೊತ್ತಿರಲಿಲ್ಲ. ಕಾಲಿನ ಬ್ರೇಕ್ ಒಂದು ಮೊಳ ದೂರದಲ್ಲಿತ್ತು, ಆ ಕಾಲುಗಳು ಹಿಂಡಿ ಹಾಕಿದ ಬಟ್ಟೆಯ ಹಾಗೆ ಬಿದ್ದಿದ್ದವು.

"ಕಾಂಛಾ!" ಎಂದು ಕೂಗಿದರು ಮಾವ. "ಕಾಂಛಾ! ಏ ಕಾಂಛಾ! ಹಿಡಿಯೋ!"

ಗಾಡಿ ಅಂಗಳ ದಾಟಿತು, ಬಿದಿರಿನ ಬೇಲಿ ಮುರಿಯಿತು, ಇಸ್ಕುಸ್ ಬಳ್ಳಿಯ ಚಪ್ಪರವನ್ನು ಹೊದ್ದುಕೊಂಡು ಕೆಳಗಿನ ಹಂದಿಗೂಡಿನ ಮಣ್ಣುಗೋಡೆಗೆ ಹೋಗಿ ಕುಟ್ಟಿತು. ಒಳಗಿನ ಹಂದಿಗಳು ಕಿರುಚಿದವು, ಮಾವನೂ ಕಿರುಚುತ್ತಿದ್ದರು, ಯಾವುದು ಯಾರ ದನಿಯೆಂದು ತಿಳಿಯುತ್ತಿರಲಿಲ್ಲ. ಗಾಡಿ ಇದ್ದ ಜಾಗದಲ್ಲಿ ಸಂಚಮಾನ್ ಅಂಗಾತ ಮಲಗಿದ್ದ, ಅವನ ಬಡಕಲು ಮೈ ಮೇಲೆ ಈಗ ಬರೀ ಆಕಾಶ. ಇಡೀ ಗಾಡಿ ಅವನ ಮೇಲಿಂದ ಹರಿದುಹೋಗಿತ್ತು. ಅವನು ಕೂಗಿರಲಿಲ್ಲ.

ಆಮೇಲೆ ಫುರ್ಬು ಗುರುಜಿಯ ಹೊಟ್ಟೆ ಕುಲುಕಿತು. "ಕೂಗಿದ್ದು ಐತಬೀರ್ ದಾಜು!" ಎಂದರು. "ಕೂಗಿದವರಿಗೆ ಗಾಡಿ ಇಲ್ಲ!" ಗೋಡೆಯ ಮೇಲಿನವರು ಬಿದ್ದು ಬಿದ್ದು ನಕ್ಕರು, ಒಬ್ಬನ ಬಾಯಿಂದ ಚುರ್ಪಿ ಹಾರಿತು. ಜಂಗಬೀರ್ ಕೂಡ ನಕ್ಕ, ಕೈಯಲ್ಲಿ ಇನ್ನೂ ಕಲ್ಲು ಹಿಡಿದುಕೊಂಡು. ನಾನೂ ನಕ್ಕೆ. ಹೊಟ್ಟೆ ತಣ್ಣಗಾಯಿತು ನನಗೆ.

ಸಂಚಮಾನ್ ಎದ್ದು ಬಟ್ಟೆ ಜೇಬಿಗೆ ತುರುಕಿಕೊಂಡು ಇಳಿಜಾರು ಇಳಿದ. ಮುದುಕರ ಹಣೆ ಸ್ಟೇರಿಂಗಿಗೆ ತಗುಲಿ ಸ್ವಲ್ಪ ರಕ್ತ ಬಂದಿತ್ತು, ಬೇರೇನೂ ಆಗಿರಲಿಲ್ಲ. ಅವರು ಎರಡೂ ಕೈ ಚಾಚಿದರು, ಎತ್ತಿಕೋ ಎಂಬಂತೆ. ಸಂಚಮಾನ್ ಸೀಟನ್ನು ನೋಡಿದ.

"ಏನ್ ಆಪಾ, ಗಾಡಿ ಒದ್ದೆ ಮಾಡ್ಬಿಟ್ರಲ್ಲ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಇಂಜಿನ್ ಸೋರ್ತಿದೆ."

ಅವನು ಅವರನ್ನು ಎತ್ತಲಿಲ್ಲ. ಶಾಫ್ಟನ್ನು ಅಲ್ಲಿಗೇ ಹೊತ್ತು ತಂದು, ಇಸ್ಕುಸ್ ಬಳ್ಳಿಯ ನಡುವೆ ಮಲಗಿ, ಗೆರೆಗೆ ಗೆರೆ ಕೂಡಿಸಿ, ಆತುರವಿಲ್ಲದೆ ಬೋಲ್ಟ್ ಬಿಗಿದ. ನಾನು ಸಂದಿಯಲ್ಲಿ ಕೈ ತೂರಿಸಿ ಹಿಡಿದೆ. ಮೇಲೆ ಸೀಟಿನಲ್ಲಿ ಮಾವ ಒದ್ದೆಯಲ್ಲೇ ಕೂತಿದ್ದರು. ಸಂಜೆ ಇಬ್ಬನಿ ಇಳಿಯುವವರೆಗೂ ಕೂತಿದ್ದರು. ಚಹಾ ಕೊಟ್ಟೆ, ಕುಡಿಯಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಗಾಡಿ ಸಾಲಿನಲ್ಲಿ ನಿಂತಿತು. ಫುರ್ಬು ಗುರುಜಿ ಸಂಚಮಾನನ ಕೊರಳಿಗೆ ಬಿಳಿಯ ಖಾದಾ ಶಾಲು ಹಾಕಿ "ಹೋಗಿ ಬನ್ನಿ ಗುರುಜಿ" ಎಂದರು. ಶಾಫ್ಟ್ ಚೂರೂ ಸದ್ದಿಲ್ಲದೆ ತಿರುಗಿತು. ಚಿತ್ರೆ ಊರಿನ ಏರಿನಲ್ಲಿ ಗಾಡಿ ಮರೆಯಾಗುವವರೆಗೂ ನಾನು ನೋಡುತ್ತಾ ನಿಂತೆ. ನನ್ನ ಗಂಡನ ಬೆನ್ನು ನೆಟ್ಟಗಿತ್ತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮಾವ ಮಾತು ಬಿಟ್ಟರು. ಅವರನ್ನು ಕಿಟಕಿಯ ಪಕ್ಕದ ಮಂಚಕ್ಕೆ ಹಾಕಿದೆವು. ಬೆತ್ತದ ಕುರ್ಚಿಯಲ್ಲಿ ಈಗ ಸಂಚಮಾನ್. ಸಂಜೆ ಡ್ರೈವರುಗಳು ಬಂದರೆ ತೊಂಗ್ಬಾ ಹೀರುತ್ತಾ ಅದೇ ಕಥೆ. ಕಿಟಕಿಯ ಕಡೆಗೆ ತಿರುಗಿ ಕೈ ಚಾಚಿ "ಕಾಂಛಾ! ಏ ಕಾಂಛಾ! ಹಿಡಿಯೋ!" ಎಂದು ಅಪ್ಪನ ದನಿಯಲ್ಲಿ ಕೂಗಿ ತೋರಿಸುವನು. ಮೊದಮೊದಲು ನಾನೂ ನಗುತ್ತಿದ್ದೆ. ಮುದುಕರನ್ನು ಕಕ್ಕಸಿಗೆ ಹೊರುವುದನ್ನು ಅವನು ನಿಲ್ಲಿಸಿದ. "ಗುರುಜಿಗಳು ಹೊರೆ ಹೊರಲ್ಲ" ಎಂದ. ಈಗ ನಾನು ಹೊರುತ್ತೇನೆ. ಬೆನ್ನ ಮೇಲೆ ಅವರು ನೆತ್ತಿ ಕುಟ್ಟುವುದಿಲ್ಲ, ಅಲುಗಾಡುವುದೂ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ನನ್ನ ನೆತ್ತಿಗೆ ಬೆರಳಗಂಟು ಬಿತ್ತು. ಸಂಚಮಾನನದು.

"ನಡುಗ್ತಾ ಇದೆ ನಿನ್ನ ಕೈ," ಎಂದ. "ಉಪ್ಪಿನ ಡಬ್ಬ ಹಿಡಿಯೋಕೂ ಬರಲ್ಲ."

ನಿನ್ನೆ ಅವನು ಬೇಗ ಬಂದ. ಮೋಡ ಕವಿದು ಗಾಡಿಗೆ ಪ್ರವಾಸಿಗರು ಸಿಕ್ಕಿರಲಿಲ್ಲ, ಅವನ ತಲೆ ಬಿಸಿಯಾಗಿತ್ತು. ಗಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಒದ್ದು, ಕುರ್ಚಿಯಲ್ಲಿ ಕೂತು, "ಏ ಬೂಡಿ, ಕ್ರಾಸಿಗೆ ಗ್ರೀಸ್ ಹೊಡಿ" ಎಂದ. ನಾನು ಗ್ರೀಸ್ ಪಿಚಕಾರಿ ಹಿಡಿದು ಕೆಳಗೆ ಜರುಗಿದೆ. ಶಾಫ್ಟ್ ನನ್ನ ಮೂಗಿನ ಮೇಲೆಯೇ ಇತ್ತು. ನಾನು ಹೆಕ್ಕಿ ತೊಳೆದು ನಿಲ್ಲಿಸಿದ ಸೂಜಿಗಳು ಅದರೊಳಗೆ ಇದ್ದವು. ಗ್ರೀಸ್ ಹೊಡೆಯುತ್ತಿದ್ದೆ. ಗಾಡಿಯ ಬಾಗಿಲು ತೆರೆದ ಸದ್ದು, ಆಮೇಲೆ ಹ್ಯಾಂಡ್‌ಬ್ರೇಕ್ ಬಿಟ್ಟ ಸದ್ದು. ಗಾಡಿ ಕಲ್ಲಿನ ಮೇಲೆ ಸ್ವಲ್ಪ ಒರಗಿಕೊಂಡಿತು.

"ಬೂಡಾ, ನಾನಿನ್ನೂ ಕೆಳಗೇ ಇದೀನಿ," ಎಂದೆ.

"ಗೊತ್ತು."

ಅವನ ಬೂಟುಗಳು ಗಾಡಿಯ ಸುತ್ತ ಬಂದು ಹಿಂಚಕ್ರದ ಹತ್ತಿರ ನಿಂತವು. ಒಂದು ಬೂಟಿನ ತುದಿ ಕಲ್ಲನ್ನು ಮೆಲ್ಲಗೆ ತಟ್ಟಿತು. ಎರಡನೆಯ ಕಲ್ಲು ಅಲ್ಲಿದೆಯೇ ಎಂದು ಕತ್ತು ಹೊರಳಿಸಿ ನೋಡಿದೆ. ಇನ್ನೊಂದು ಬೂಟು ಅಡ್ಡವಿತ್ತು, ಕಾಣಲಿಲ್ಲ.

"ನೋಡೋಣ," ಎಂದ ಅವನು, ನಗುತ್ತಾ. "ನೀನು ಎಷ್ಟು ಗಟ್ಟಿ ಅಂತ."

ಕಿಟಕಿಯ ಕಡೆಯಿಂದ ಕೆಮ್ಮು ಕೇಳಿಸಿತು. ಇಷ್ಟು ದಿನ ಮಾತು ಬಿಟ್ಟಿದ್ದ ಮುದುಕರು ಗಂಟಲು ಸರಿಮಾಡಿಕೊಂಡರು.

"ಕೂಗ್ಬೇಡ ಬುಹಾರಿ," ಎಂದರು. "ಕೂಗಿದ್ರೆ ಇವನು ಬಿಡಲ್ಲ."

ಎದೆಯ ಮೇಲೆ ಗ್ರೀಸಿನ ಬಟ್ಟೆ ಬಿದ್ದಿತ್ತು. ನಾನು ಅದನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡೆ, ಗಂಟಲವರೆಗೂ, ಮತ್ತೆ ಎರಡೂ ಕೈಗಳನ್ನು ಎದೆಯ ಮೇಲೆ ಒತ್ತಿ ಹಿಡಿದುಕೊಂಡೆ.